ಹಲಸಿನ ಹಲಗೆಯ ಬೆಂಚು, ಮೂರನೇ ಕಂತು: ಅಗ್ಗದ ಮಿಷಿನ್‌ಗಳ ಲೆಕ್ಕ

ಬೆಂಚಿನ ನಾಲ್ಕೂ ಕಾಲು ಕೊಯ್ದಾಗಿದೆ, ಅವುಗಳ ತೂತು ಕೊರೆಯುವುದು ನಡೆದಿದೆ. ಮೇಲಿನ ಹಲಗೆಗಳು ಮಟ್ಟಕ್ಕೆ ಬಂದಿವೆ, ಸ್ಯಾಂಡಿಂಗ್ (ಉಪ್ಪು ಕಾಗದದಲ್ಲಿ ಉಜ್ಜಿ ನುಣುಪು ಮಾಡುವುದು) ಅರ್ಧ ಮುಗಿದಿದೆ. ಇನ್ನು ಜೋಡಿಸುವುದು, ಎಣ್ಣೆ ಹಚ್ಚುವುದು ಬಾಕಿ. ಮರ ಸಾಗರದ ಕಡೆ ನಮ್ಮ ಹಳೇ ಮನೆಯ ಕೊಟ್ಟಿಗೆ ಕಳಚಿದಾಗ ಸಿಕ್ಕಿದ ಹಲಸು. ಹೊರಗಡೆ ಹೊಗೆ, ಧೂಳು ಕೂತು ಕಪ್ಪಾಗಿತ್ತು, ಒಂದು ಪದರ ಹೋದ ಮೇಲೆ ಒಳಗೆಲ್ಲ ಅಪ್ಪಟ ಅರಿಶಿನ ಬಣ್ಣ. ಸ್ಯಾಂಡರ್ ಚೀಲ ಕೊಡವಿದರೆ ಹಳದಿ ಪುಡಿ ಬೀಳುತ್ತದೆ. ಈ ಬಣ್ಣ ಹೀಗೇ ಉಳಿಯಲ್ಲ, ಬೆಳಕು ಬಿದ್ದಂತೆಲ್ಲ ಕಂದಾಗುತ್ತಾ ಹೋಗುತ್ತದೆ.

ಈ ಸಲ ಮರಕ್ಕಿಂತ ಮಿಷಿನ್ ಬಗ್ಗೆ ಜಾಸ್ತಿ ಬರೆಯುತ್ತೇನೆ. ಸಿಕ್ಕಿದವರೆಲ್ಲ ಕೇಳುವುದು ಅದನ್ನೇ: ಆನ್‌ಲೈನ್‌ನಲ್ಲಿ ಸಾವಿರದ ಇನ್ನೂರಕ್ಕೆ ಗ್ರೈಂಡರ್ (ಡಿಸ್ಕ್ ತಿರುಗಿಸಿ ಕಬ್ಬಿಣ ಕತ್ತರಿಸುವ ಕೈ ಮಿಷಿನ್) ಬರುತ್ತದೆ, ತಗೋಬಹುದಾ? ಕೆಲವನ್ನು ಧಾರಾಳವಾಗಿ ತಗೋಬಹುದು, ಕೆಲವನ್ನು ಬಿಟ್ಟಿ ಕೊಟ್ಟರೂ ಬೇಡ. ಆದರೆ ಬೆಲೆ ನೋಡುವ ಮೊದಲು ಒಂದು ವಿಚಾರಿಸಿಕೊಳ್ಳಿ. ಅದರ ಆರ್ಮೇಚರ್ (ಮೋಟರ್ ಒಳಗೆ ತಿರುಗುವ ಭಾಗ), ಅದಕ್ಕೆ ಒತ್ತಿಕೊಂಡು ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು, ಸ್ವಿಚ್ಚು ನಿಮ್ಮೂರಲ್ಲಿ ಸಿಗುತ್ತದಾ?

ಡ್ರಿಲ್‌ನಿಂದ ಶುರು ಮಾಡೋಣ. ನನ್ನ ಹತ್ತಿರ ಇರುವುದು 13 ಎಂಎಂ ಚಕ್ಕಿನ (ಚಕ್ಕು ಅಂದರೆ ಬಿಟ್ ಹಿಡಿಯುವ ಬಾಯಿ) ಅಗ್ಗದ ಇಂಪ್ಯಾಕ್ಟ್ ಡ್ರಿಲ್. ಮರಕ್ಕೆ ತೂತು, ಜಂಬಿಟ್ಟಿಗೆ ಗೋಡೆಗೆ ತೂತು, ಸ್ಕ್ರೂ ಹಾಕುವ ಮೊದಲಿನ ಸಣ್ಣ ತೂತು, ಎಲ್ಲಕ್ಕೂ ಸಾಕು, ಕೊಟ್ಟ ದುಡ್ಡು ಯಾವತ್ತೋ ವಸೂಲಾಗಿದೆ. ಆರ್‌ಸಿಸಿ ತೊಲೆಗೆ ಮಾತ್ರ ಇದನ್ನು ಹಿಡಿಯಬೇಡಿ. ಇಂಪ್ಯಾಕ್ಟ್ ಡ್ರಿಲ್‌ನಲ್ಲಿ ಎರಡು ಹಲ್ಲಿನ ಬಿಲ್ಲೆಗಳು ಒಂದರ ಮೇಲೊಂದು ಕುಣಿದು ಪೆಟ್ಟು ಕೊಡುತ್ತವೆ, ಆ ಪೆಟ್ಟಿಗೆ ಜೋರಿರಲ್ಲ, ನಾವೇ ಹಿಂದಿನಿಂದ ಒತ್ತಬೇಕು. ಎಸ್‌ಡಿಎಸ್ ಪ್ಲಸ್ ಎಂಬ, ತಳ್ಳಿದರೆ ಕಚ್ಚಿಕೊಳ್ಳುವ ಬಿಟ್ ಹಾಕುವ ರೋಟರಿ ಹ್ಯಾಮರ್‌ನಲ್ಲಿ ಒಳಗಿನ ಪಿಸ್ಟನ್ ಗಾಳಿಯನ್ನು ಒತ್ತಿ ಸುತ್ತಿಗೆಯಂತೆ ಹೊಡೆಯುತ್ತದೆ, ಅದರ ಕಥೆಯೇ ಬೇರೆ. ವರ್ಷಕ್ಕೊಮ್ಮೆ ಬೇಕಾದರೆ ಬಾಡಿಗೆಗೆ ತನ್ನಿ. ಡ್ರಿಲ್ ಕೊಳ್ಳುವಾಗ ಅಂಗಡಿಯಲ್ಲೇ ನೋಡಬೇಕಾದ್ದು ಚಕ್ಕು. ಹೊಸದೊಂದು 6 ಎಂಎಂ ಬಿಟ್ ಹಾಕಿಸಿ, ನಿಧಾನಕ್ಕೆ ತಿರುಗಿಸಿ, ತುದಿ ನೋಡಿ. ಒಂದೇ ಕಡೆ ನಿಂತು ತಿರುಗಿದರೆ ಸರಿ, ಸುತ್ತ ವೃತ್ತ ಬರೆಯುವಂತೆ ಅಲ್ಲಾಡಿದರೆ ವಾಪಸ್ ಕೊಡಿ. ಬೆಂಗಳೂರಿನ ಎಸ್‌ಜೆಪಿ ರಸ್ತೆ ಅಂಗಡಿಗಳಲ್ಲಿ ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಆನ್‌ಲೈನ್‌ನಲ್ಲಿ ತರಿಸಿದರೆ ಈ ಅವಕಾಶವೇ ಇಲ್ಲ, ಅಲ್ವಾ.

ಇನ್ನು ಗ್ರೈಂಡರ್. ಈ ಕೆಲಸದಲ್ಲಿ ಅದು ಮರಕ್ಕಲ್ಲ, ಮೊಳೆಗೆ ಬೇಕಾಯಿತು. ಹಳೇ ಮರದಲ್ಲಿ ತುಕ್ಕು ಹಿಡಿದ ಮೊಳೆ ತಲೆ ಮುರಿದು ಒಳಗೇ ಉಳಿದಿರುತ್ತದೆ. ಸ್ಪೀಕರ್‌ನ ಹಳೇ ಮ್ಯಾಗ್ನೆಟ್ ಆಡಿಸುತ್ತಾ ಹೋದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಮೊಳೆ ಇದೆ ಎಂದರೆ ಸಾಮಿಲ್‌ನವರು ಹಲಗೆ ಮುಟ್ಟಲ್ಲ, ಮುಟ್ಟಬಾರದು ಕೂಡ, ಅವರ ಬ್ಲೇಡ್ ಹೋಗುತ್ತದೆ. ಕೀಳಲು ಬಂದದ್ದನ್ನು ಕಿತ್ತು, ಬಾರದ್ದನ್ನು ಗ್ರೈಂಡರ್‌ನಲ್ಲಿ ಕತ್ತರಿಸಿದೆ. ಅಗ್ಗದ ಗ್ರೈಂಡರ್ ಈ ಕೆಲಸ ಶುರುವಿನಲ್ಲಿ ಚೆನ್ನಾಗಿಯೇ ಮಾಡಿತು. ಆಮೇಲೆ ಗಾಳಿ ಕಿಂಡಿಯೊಳಗೆ ನೀಲಿ ಕಿಡಿ ಜಾಸ್ತಿಯಾಯಿತು, ತಲೆಯ ಭಾಗ ಕೈ ಇಡಲಾಗದಷ್ಟು ಬಿಸಿ.

ಬಿಚ್ಚಿ ನೋಡಿದೆ. ಗೇರ್ ಡಬ್ಬಿಯಲ್ಲಿ ಗ್ರೀಸ್ ಇತ್ತು, ಆದರೆ ಎಲ್ಲ ಒಂದು ಮೂಲೆಗೆ ಅಂಟಿಕೊಂಡು ಕೂತಿತ್ತು, ಹಲ್ಲುಗಳ ಮೇಲೆ ಏನೂ ಇರಲಿಲ್ಲ. ಹಿಂದಿನ ತುದಿಯಲ್ಲಿ ಬಾಲ್ ಬೇರಿಂಗ್ ಇರಬೇಕಾದಲ್ಲಿ ಬರೀ ಬುಶ್, ಅಂದರೆ ಗುಂಡುಗಳಿಲ್ಲದ ಬಳೆ. ಅದು ಸವೆದು ಆರ್ಮೇಚರ್ ಸ್ವಲ್ಪ ಅಲ್ಲಾಡುತ್ತಿತ್ತು, ಅದಕ್ಕೇ ಕಾರ್ಬನ್ ಒಂದೇ ಕಡೆ ಓರೆಯಾಗಿ ಸವೆದು ಅಷ್ಟೊಂದು ಕಿಡಿ. ಮೋಟರ್‌ನ ತಾಮ್ರ ಎಲ್ಲ ಚೆನ್ನಾಗೇ ಇದೆ! ಅಗ್ಗದ ಮಿಷಿನ್‌ನಲ್ಲಿ ದುಡ್ಡು ಉಳಿಸುವುದು ಹೀಗೆ ಕಣ್ಣಿಗೆ ಕಾಣದ ಕಡೆ: ಬೇರಿಂಗ್, ಸ್ವಿಚ್, ಗ್ರೀಸ್, ವೈರ್. ಡಬ್ಬಿ ಮೇಲೆ 850 ವಾಟ್ ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಅದು ಮಿಷಿನ್ ಎಳೆದುಕೊಳ್ಳುವ ಕರೆಂಟಿನ ಲೆಕ್ಕ, ಡಿಸ್ಕ್‌ಗೆ ತಲುಪುವ ಶಕ್ತಿಯ ಲೆಕ್ಕವಲ್ಲ.

ಶಿವಮೊಗ್ಗದಲ್ಲಿ ನಾನು ಹೋಗುವ ಮೋಟರ್ ವೈಂಡಿಂಗ್ ಅಂಗಡಿಯವರಿಗೆ ತೋರಿಸಿದೆ. "ಇದರ ಸೈಜಿನ ಕಾರ್ಬನ್ ಬರಲ್ಲ ಸಾರ್, ದೊಡ್ಡದನ್ನ ಉಜ್ಜಿ ಕೂರಿಸಿ ಕೊಡ್ತೀನಿ. ಆರ್ಮೇಚರ್ ಹೋದ್ರೆ ಮಾತ್ರ ನನ್ ಹತ್ರ ತರಬೇಡಿ" ಎಂದರು. ಬಾಷ್, ಮಕಿಟಾದಂಥ ಕಂಪನಿಗಳ ಹಳೇ ಮಾಡೆಲ್‌ಗಾದರೆ ಕಾರ್ಬನ್ ಜೋಡಿ ಅವರ ಡ್ರಾಯರ್‌ನಲ್ಲೇ ಇರುತ್ತದೆ, ಕೈಗೆ ಸಿಗದಿದ್ದರೂ ಒಂದು ವಾರದಲ್ಲಿ ತರಿಸುತ್ತಾರೆ. ಅರಳು ಹುರಿದಂತೆ ಮಾತಾಡುವ ಅವರು ಸ್ಟೂಲ್ ಮೇಲೆ ಕೂತು ಎಮರಿ ಹಾಳೆಯ ಮೇಲೆ ಕಾರ್ಬನ್ ತುಂಡನ್ನು ಎರಡೆಳೆ ಉಜ್ಜುವುದು, ಗೂಡಿಗೆ ಹಾಕಿ ನೋಡುವುದು, ಮತ್ತೆ ಎರಡೆಳೆ ಉಜ್ಜುವುದು. ಬಿಗಿಯಾದರೆ ಸ್ಪ್ರಿಂಗ್ ತಳ್ಳಲ್ಲ, ಸಡಿಲವಾದರೆ ಮತ್ತೆ ಕಿಡಿ. ಈಗ ಓಡುತ್ತಿದೆ. ಬುಶ್ ಹಾಗೇ ಇರುವುದರಿಂದ ಎಷ್ಟು ದಿನವೋ ನೋಡಬೇಕು.

ಆದರೂ ನಾನು ಅಗ್ಗದ ಗ್ರೈಂಡರ್ ಬೇಡ ಎನ್ನುವುದು ಅದು ಕೆಟ್ಟುಹೋಗುತ್ತದೆ ಅಂತಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ಗೊತ್ತೇ ಇದೆ. ಈ ಮಿಷಿನ್‌ಗಳ ಪಕ್ಕದಲ್ಲಿರುವುದು ಮುಂದಕ್ಕೆ ತಳ್ಳಿದರೆ ಅಲ್ಲೇ ಕಚ್ಚಿಕೊಳ್ಳುವ ಸ್ಲೈಡ್ ಸ್ವಿಚ್ಚು. ಕರೆಂಟ್ ಹೋಯಿತು ಅಂತ ಮೇಜಿನ ಮೇಲೆ ಇಟ್ಟು ಟೀ ಕುಡಿಯಲು ಹೋದಿರಿ, ಕರೆಂಟ್ ಬಂದ ಕೂಡಲೇ ಅದು ತಾನಾಗೇ ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗುತ್ತಾ ಮೇಜಿನಿಂದ ಕೆಳಗೆ ಹಾರುತ್ತದೆ. ಒಳ್ಳೆಯ ಕೆಲವು ಮಾಡೆಲ್‌ಗಳಲ್ಲಿ ಹಾಗೆ ಶುರುವಾಗದಂತೆ ತಡೆ ಇರುತ್ತದೆ, ಅಥವಾ ಕೈ ಬಿಟ್ಟರೆ ನಿಲ್ಲುವ ಪ್ಯಾಡಲ್ ಸ್ವಿಚ್ ಇರುತ್ತದೆ. ಅದಿಲ್ಲದವರು ಕರೆಂಟ್ ಹೋದ ತಕ್ಷಣ ಪ್ಲಗ್ ಕೀಳುವ ಅಭ್ಯಾಸ ಮಾಡಿಕೊಳ್ಳಿ. ಇನ್ನೊಂದು, ಗ್ರೈಂಡರ್‌ಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಬೇಡಿ. ಊರಲ್ಲಿ ಆಚಾರ್ರು ಹಾಕುತ್ತಾರೆ, ನಿಜ. ಗಂಟಿಗೆ ಹಲ್ಲು ಸಿಕ್ಕರೆ ಇಡೀ ಮಿಷಿನ್ ಒದ್ದುಕೊಂಡು ಮೈಮೇಲೆ ಬರುತ್ತದೆ, ಕೈಯಲ್ಲಿ ತಡೆಯಲಾಗುವ ಪೆಟ್ಟಲ್ಲ ಅದು. ಕಟಿಂಗ್ ಡಿಸ್ಕ್ ಮಾತ್ರ ಯಾವ ಮಿಷಿನ್ ಆದರೂ ಒಳ್ಳೆಯದೇ ಹಾಕಿ. 4 ಇಂಚಿನ ಡಿಸ್ಕ್ ಮೇಲೆ 15,200 ಆರ್‌ಪಿಎಂ, ಸೆಕೆಂಡಿಗೆ 80 ಮೀಟರ್ ಎಂದಿರುತ್ತದೆ, ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳೂ ಇರುತ್ತದೆ. ಅದನ್ನು ಯಾರೂ ಓದಲ್ಲ.

ಜಿಗ್‌ಸಾ (ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುವ ಮಿಷಿನ್ ಗರಗಸ) ಬಗ್ಗೆ ಹೇಳಲು ಜಾಸ್ತಿ ಇಲ್ಲ. ಒಂದೂವರೆ ಇಂಚು ದಪ್ಪದ ಹಲಸಿನಲ್ಲಿ ಅಗ್ಗದ ಜಿಗ್‌ಸಾ ಮೇಲ್ಗಡೆ ನೋಡಿದರೆ ಗೆರೆಯ ಮೇಲೇ ಹೋಗುತ್ತದೆ, ಕೆಳಗಡೆ ಬ್ಲೇಡ್ ಒಂದು ಕಡೆಗೆ ವಾಲಿರುತ್ತದೆ. ಒಳ್ಳೆ ಬ್ಲೇಡ್ ಹಾಕಿದರೆ ಸ್ವಲ್ಪ ವಾಸಿ, ಅಷ್ಟೇ. ಸ್ನೇಹಿತರದ್ದು ತಂದು ನೋಡಿ ವಾಪಸ್ ಕೊಟ್ಟೆ. ಕಾಲುಗಳನ್ನು ಕೈ ಗರಗಸದಲ್ಲೇ ಕೊಯ್ದೆ, ಹಲಗೆಯ ಉದ್ದದ ಸೀಳು ಮತ್ತು ಮಟ್ಟ ಮಾಡುವುದನ್ನು, ಮೊಳೆ ಎಲ್ಲ ತೆಗೆದಾದ ಮೇಲೆ, ಸಾಮಿಲ್‌ಗೆ ಕೊಟ್ಟೆ. ಅವರ ಕೂಲಿ ಉಳಿಸಲು ನಾನು ಸರ್ಕ್ಯುಲರ್ ಸಾ ಕೊಂಡರೆ ಹತ್ತು ಬೆಂಚು ಮಾಡಿದರೂ ಗಿಟ್ಟಲ್ಲ.

ಸ್ಯಾಂಡರ್ ಅಗ್ಗದ್ದೇ ತಗೊಳ್ಳಿ. 125 ಎಂಎಂ ಪ್ಯಾಡ್, ಎಂಟು ತೂತು, ವೆಲ್ಕ್ರೋ. ಇದು ನಿಂತುಹೋದರೆ ಕೆಲಸ ನಿಲ್ಲುತ್ತದೆ, ಕೈ ಹೋಗಲ್ಲ. ಮೇಲಿಂದ ಒತ್ತಬಾರದು, ಮಿಷಿನ್ನಿನ ಭಾರವೇ ಸಾಕು. ಒತ್ತಿದರೆ ವೆಲ್ಕ್ರೋ ಬಿಸಿಯಾಗಿ ಕರಗಿ ಹಾಳೆ ಹಿಡಿಯುವುದೇ ಇಲ್ಲ, ಆಮೇಲೆ ಮಿಷಿನ್ ಕೆಟ್ಟದ್ದು ಅಂತ ಬೈಯುತ್ತೇವೆ. ಜೊತೆಗೆ ಬರುವ ಚೀಲ ಸುಮ್ನೆ ಹೆಸರಿಗೆ, ಮಾಸ್ಕ್ ಹಾಕಿಕೊಳ್ಳಿ. 80 ನಂಬರಿನ ಒರಟು ಹಾಳೆಯಲ್ಲಿ ಶುರು ಮಾಡಿ 120ಕ್ಕೆ ಬಂದಿದ್ದೇನೆ, 180 ಬಾಕಿ.

ಬ್ಯಾಟರಿ ಮಿಷಿನ್ ನೋಡುವಾಗ ನಂಬರ್‌ಗಳನ್ನು ನಂಬಬೇಡಿ. 18 ವೋಲ್ಟ್ ಎಂಬುದೂ 20 ವೋಲ್ಟ್ ಮ್ಯಾಕ್ಸ್ ಎಂಬುದೂ ಒಂದೇ, ಸಾಲಾಗಿ ಐದು ಲಿಥಿಯಂ ಸೆಲ್‌ಗಳು. ಒಂದೊಂದು 3.6 ವೋಲ್ಟ್, ಪೂರ್ತಿ ಚಾರ್ಜಾದರೆ 4.2, ಅಂದರೆ ಒಟ್ಟು 21ರ ಮೇಲೆ ಹೋಗಲು ಸಾಧ್ಯವೇ ಇಲ್ಲ. ಅಷ್ಟೇ ಗಾತ್ರದ ಪ್ಯಾಕಿನ ಮೇಲೆ 48 ವಿಎಫ್, 88 ವಿಎಫ್ ಅಂತ ಬರೆದಿರುವುದನ್ನು ಸ್ಟಿಕ್ಕರ್ ಎಂದಷ್ಟೇ ತಿಳಿಯಿರಿ. ಅಗ್ಗದ ಕಿಟ್‌ನಲ್ಲಿ ಮೊದಲು ಸಾಯುವುದು ಬ್ಯಾಟರಿ. ಅದೇ ಆಕಾರದ ಬ್ಯಾಟರಿ ಇನ್ನೆರಡು ವರ್ಷಕ್ಕೆ ಸಿಗುತ್ತದೆ ಎಂಬ ನಂಬಿಕೆ ಇದ್ದರೆ ತಗೊಳ್ಳಿ. ನನಗೆ ಇಲ್ಲ. ನಾನು ಇನ್ನೂ ವೈರ್ ಎಳೆದುಕೊಂಡೇ ಕೆಲಸ ಮಾಡುವವನು.

ಹಾಗಾಗಿ ಈ ತಿಂಗಳು ಹೊಸ ಮಿಷಿನ್ ಯಾವುದೂ ಇಲ್ಲ. ಆ ದುಡ್ಡಿನಲ್ಲಿ ಒಂದು ಸೆಟ್ ಒಳ್ಳೆ ಮರದ ಬಿಟ್, ಎರಡು ಉಳಿ, ನಾಲ್ಕು ಕ್ಲಾಂಪ್ ತಂದೆ. ಕ್ಲಾಂಪ್ ಇನ್ನೂ ಎರಡು ಬೇಕು. ಕಾಲಿನ ಚೌಕ ತೂತುಗಳನ್ನು ಅಗ್ಗದ ಡ್ರಿಲ್‌ನಲ್ಲೇ ಸಾಲಾಗಿ ಕೊರೆದು, ಉಳಿಯಲ್ಲಿ ಮೂಲೆ ತೆಗೆಯುತ್ತಿದ್ದೇನೆ, ಚೆನ್ನಾಗಿ ಬರುತ್ತಿದೆ. ಮುಂದಿನ ಕಂತಿನಲ್ಲಿ ಜೋಡಣೆ, ಆಮೇಲೆ ಅಗಸೆ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದು, ಹಗ್ಗದ ಮೇಲೆ ಹರಡಿ ಒಣಗಿಸಬೇಕು. ಅದರ ಮಧ್ಯೆ ಪ್ಯಾಡಲ್ ಸ್ವಿಚ್ಚಿನ 4 ಇಂಚಿನ ಗ್ರೈಂಡರ್ ಒಂದು ಹುಡುಕುತ್ತಿದ್ದೇನೆ. ಇಲ್ಲಿನ ಅಂಗಡಿಗಳಲ್ಲಿ ಕೇಳಿದಲ್ಲೆಲ್ಲ ಸ್ಲೈಡ್ ಸ್ವಿಚ್ಚೇ ಇದೆ. ಶಿವಮೊಗ್ಗ, ಭದ್ರಾವತಿ ಕಡೆ ಎಲ್ಲಾದರೂ ನೋಡಿದ್ದರೆ ತಿಳಿಸಿ, ಅದರ ಕಾರ್ಬನ್ ಅಲ್ಲೇ ಸಿಗುತ್ತದಾ ಅನ್ನುವುದನ್ನೂ ಕೇಳಿಕೊಂಡು.