ಒಂದು ಮಾತು ಕೇಳಿ ಬರೆದ್ರೆ ಸಾಕು

"ಮದುವೆ ಆದ್ಮೇಲೂ ಪರೀಕ್ಷೆ ಬರೀಲಿ, ನಮ್ದೇನೂ ಅಡ್ಡಿ ಇಲ್ಲ. ಒಂದು ಮಾತು ಕೇಳಿ ಬರೆದ್ರೆ ಸಾಕು."

ಭಾನುವಾರದಿಂದ ಈ ಮಾತು ನನ್ನ ತಲೆಯಲ್ಲೇ ಕೂತಿದೆ. ಹೇಳಿದ್ದು ಹುಡುಗನ ಅಮ್ಮ. ಕಾಫಿ ಲೋಟ ಕೆಳಗಿಟ್ಟು, ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡು, ತುಂಬಾ ಮೆತ್ತಗೆ ಹೇಳಿದರು. ಒಳ್ಳೆ ಹೆಂಗಸೇ. ಆ ಮಳೆಯಲ್ಲೂ ಗೋಣಿಕೊಪ್ಪದಿಂದ ಬರುವಾಗ ಒಂದು ಬಾಟಲಿ ಜೇನು ತಂದಿದ್ದರು.

ಅಣ್ಣನ ಮಗಳು ಲಾ ಮುಗಿಸಿ ಇಲ್ಲೇ ವಿರಾಜಪೇಟೆಯಲ್ಲಿ ಜೂನಿಯರ್ ಆಗಿದ್ದಾಳೆ. ಹಗಲು ಕೋರ್ಟು, ರಾತ್ರಿ ಐಎಫ್‌ಎಸ್‌ಗೆ, ಅಂದ್ರೆ ವಿದೇಶಾಂಗ ಸೇವೆಗೆ ಓದು. ಕರಿ ಕೋಟು ಬಿಟ್ಟು ರಾಯಭಾರ ಯಾಕೆ ಅಂದ್ರೆ, "ಎರಡೂ ಒಂದೇ ಅತ್ತೆ, ಇನ್ನೊಬ್ಬರ ಪರವಾಗಿ ಮಾತಾಡೋದು" ಅಂತಾಳೆ.

ಆವತ್ತು ತನ್ನ ಪರವಾಗಿಯೇ ಮಾತಾಡಿದಳು. "ನಿಮ್ಮ ಮಗ ಕಂಪನಿ ಬದಲಾಯಿಸುವಾಗ ಯಾರನ್ನ ಕೇಳಿದ್ರು ಆಂಟಿ?"

ಯಾರೂ ಉಸಿರೆತ್ತಲಿಲ್ಲ. ಅಣ್ಣ ಗಾಬರಿಯಲ್ಲಿ ತುಂಬಿದ ತಟ್ಟೆಗಳಿಗೇ ಮತ್ತೆ ಬಾಳೆಕಾಯಿ ಚಿಪ್ಸ್ ಸುರಿದ. ಹುಡುಗ ಫೋನ್ ನೋಡುತ್ತಾ ಕೂತ. ಅವನ ಬಗ್ಗೆ ನನಗೆ ಏನೂ ಅನ್ನಿಸಲಿಲ್ಲ, ಅದೇ ತೊಂದರೆ.

ಆಮೇಲೆ ಅಡುಗೆಮನೆಯಲ್ಲಿ ಬೈಯೋಕೆ ಹೋದರೆ, "ಅದು ನನ್ನ ಪ್ರಶ್ನೆ ಅಲ್ಲ ಅತ್ತೆ, ಮುತ್ತಮ್ಮನವರ ಕೇಸಿಂದು" ಅಂದಳು. ಸಿ.ಬಿ. ಮುತ್ತಮ್ಮ, ನಮ್ಮ ವಿರಾಜಪೇಟೆಯವರೇ. 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಹೆಣ್ಣು, 1970ರಲ್ಲಿ ಹಂಗೇರಿಗೆ ರಾಯಭಾರಿ, ಅಷ್ಟು ನನಗೂ ಗೊತ್ತಿತ್ತು. ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡ್ತೀನಿ ಅಂತ ಬರೆಸಿಕೊಂಡಿದ್ದರಂತೆ. 1961ರ ನಿಯಮದಲ್ಲಂತೂ ಹೆಣ್ಣು ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಒಪ್ಪಿಗೆಯನ್ನ ಲಿಖಿತವಾಗಿ ಪಡೀಬೇಕಿತ್ತು. ಗಂಡಸರಿಗೆ ಇದ್ಯಾವುದೂ ಇಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಮ್ನೆ ಕೂರದೆ ಸುಪ್ರೀಂ ಕೋರ್ಟಿಗೇ ಹೋದರು. ಕೇಸು ನಡೀತಿದ್ದಾಗಲೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತು! 1979ರಲ್ಲಿ ಅರ್ಜಿ ವಜಾ ಆಯಿತು, ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬಿಡಲಿಲ್ಲ: ಸಂಸಾರದಿಂದ ಕೆಲಸಕ್ಕೆ ತೊಡಕು ಅನ್ನೋದಾದರೆ ಗಂಡಸು ಮದುವೆಯಾದರೂ ಅದೇ ತೊಡಕಲ್ವಾ ಅಂತ ಕೇಳಿದರು, ನಿಯಮಗಳನ್ನ ಸರಿಮಾಡಿ ಅಂದರು.

ನನಗೆ ಬೇರೆಯದೇ ನೆನಪಾಯಿತು. ಇಪ್ಪತ್ತಾರು ವರ್ಷದ ಹಿಂದೆ ಬಿ.ಎಡ್‌ಗೆ ಅರ್ಜಿ ತಂದು ಇವರನ್ನ ಕೇಳಿದ್ದೆ. "ಈ ವರ್ಷ ಬೇಡ, ನೋಡೋಣ" ಅಂದಿದ್ದರು. ಬೇಡ ಅಂತ ಗಟ್ಟಿಯಾಗಿ ಅಂದಿದ್ದರೆ ಜಗಳವನ್ನಾದರೂ ಆಡ್ತಿದ್ದೆ. ಮೆತ್ತಗೆ ಅಂದರು, ಆ ಅಮ್ಮನ ಹಾಗೇ. ಅರ್ಜಿ ಮಡಿಸಿ ಅಕ್ಕಿ ಡಬ್ಬದ ಕೆಳಗೆ ಇಟ್ಟೆ. ನಾನು ಯಾಕೆ ಕೇಳಿದೆ ಅಂತ ಮಾತ್ರ ಇವತ್ತಿಗೂ ಗೊತ್ತಾಗ್ತಿಲ್ಲ.

ನಿನ್ನೆ ಬ್ರೋಕರ್ ಫೋನ್ ಮಾಡಿದ್ದ. ಹುಡುಗಿಗೆ ಬಾಯಿ ಸ್ವಲ್ಪ ಜಾಸ್ತಿ, ಆದರೂ ಅವರಿಗೆ ಒಪ್ಪಿಗೆಯಂತೆ.

"ಲಿಖಿತವಾಗಿ ಕೊಡ್ತಾರಾ ಕೇಳಿ ಅತ್ತೆ" ಅಂತ ಒಳಗಿಂದಲೇ ಕೂಗಿದಳು. ಬ್ರೋಕರ್ ಇನ್ನೂ ಲೈನಲ್ಲೇ ಇದ್ದ.