ಮೈನಸ್ 150.9

ತೋಟಾದ ಮದ್ದು ತೂಗುವ ತಕ್ಕಡಿ ಬೆಳಿಗ್ಗೆ ಮೈನಸ್ 150.2 ತೋರಿಸಿತ್ತು, ಈಗ ಮೈನಸ್ 150.9 ತೋರಿಸುತ್ತಿದೆ, ಇದು ಸರಿನಾ ಅಂತ ಕಸ್ಟಮರ್ ಚಾಟ್‌ನಲ್ಲಿ ಕೇಳಿದ್ದರು. ನಾನು ಸರಿ ಅಂದುಬಿಟ್ಟೆ. ನಾಲ್ಕು ತಿಂಗಳಾಯಿತು, ಆ ಉತ್ತರ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುತ್ತದೆ.

ನಮ್ಮ ಆಫೀಸು ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿದೆ. ರಾತ್ರಿ ಶಿಫ್ಟ್. ಅಮೆರಿಕದ ಒಂದು ಆನ್‌ಲೈನ್ ಅಂಗಡಿಗೆ ಚಾಟ್ ಸಪೋರ್ಟ್ ಕೊಡುತ್ತೇವೆ. ಆ ಅಂಗಡಿ ಮಾರುವುದು ಹ್ಯಾಂಡ್‌ಲೋಡಿಂಗ್ ಸಾಮಾನು. ರೈಫಲ್‌ಗೆ ಬೇಕಾದ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವವರಿಗೆ ಬೇಕಾದ ಪ್ರೆಸ್, ಡೈ, ತಕ್ಕಡಿ, ಕ್ಯಾಲಿಪರ್, ಎಲ್ಲ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವಂತಿಲ್ಲ. ಅಲ್ಲಿ ಅದು ಗ್ಯಾರೇಜಿನಲ್ಲಿ ಕೂತು ಮಾಡುವ ಹವ್ಯಾಸ. ಹಾಗಾಗಿ ನಮ್ಮ ಫ್ಲೋರಿನಲ್ಲಿ ಯಾರೂ ಒಂದು ಪ್ರೆಸ್ ಅನ್ನೂ ಕೈಯಿಂದ ಮುಟ್ಟಿದವರಲ್ಲ. ಎರಡು ವಾರದ ಪ್ರೋಸೆಸ್ ಟ್ರೇನಿಂಗ್‌ನಲ್ಲಿ ಚಿತ್ರ ನೋಡಿ ಕಲಿತದ್ದೇ ಎಲ್ಲ.

ಕೆಲಸದ ಕ್ರಮ ಮಾತ್ರ ನನಗೆ ಬಾಯಿಪಾಠ. ಹಾರಿಸಿ ಮುಗಿದ ಹಿತ್ತಾಳೆ ಕೇಸನ್ನು, ಅಂದರೆ ತೋಟಾದ ಹೊರಕವಚವನ್ನು, ಡೈ ಅನ್ನೋ ಅಚ್ಚಿಗೆ ಹಾಕಿ ಮತ್ತೆ ಅಳತೆಗೆ ತರಬೇಕು. ಕೇಸಿನ ತಳದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಹಳೇ ಪ್ರೈಮರ್ ತೆಗೆಯಬೇಕು. ಉದ್ದ ಜಾಸ್ತಿಯಾಗಿದ್ದರೆ ಕತ್ತರಿಸಬೇಕು. ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಕೊನೆಗೆ ಗುಂಡು ಕೂರಿಸಬೇಕು. ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ಟ್ರೇನಿಂಗ್‌ನಲ್ಲಿ ಎಲ್ಲರೂ ಗ್ರಾಂ ಮತ್ತು ಗ್ರೇನ್ ನಡುವೆ ಒದ್ದಾಡಿದರು. ನನಗೆ ಅದು ಬೇಗ ಹತ್ತಿತು. ನಮ್ಮ ಕಾಕಾ ಗದಗಿನಲ್ಲಿ ಪತ್ತಾರಿಕೆ ಮಾಡುತ್ತಾರೆ. ಬ್ರಿಟಿಷರ ಕಾಲದಲ್ಲಿ ಗೊತ್ತು ಮಾಡಿದ ನಮ್ಮ ತೊಲ ಬರೋಬ್ಬರಿ 180 ಗ್ರೇನ್. ತೊಲಕ್ಕೆ 96 ಗುಲಗಂಜಿ. ಅಂದರೆ ಒಂದು ಗುಲಗಂಜಿಗೆ ಎರಡು ಗ್ರೇನ್‌ಗಿಂತ ಚೂರು ಕಡಿಮೆ. ಈ ಲೆಕ್ಕ ಗೊತ್ತಿದ್ದದ್ದಕ್ಕೆ ತಕ್ಕಡಿ ದೂರಿನ ಟಿಕೆಟ್‌ಗಳೆಲ್ಲ ನನ್ನ ಕ್ಯೂಗೇ ಬರುತ್ತಿದ್ದವು. ತಕ್ಕಡಿ ವಿಷಯದಲ್ಲಿ ನನಗೆ ಎಲ್ಲ ಗೊತ್ತು ಅಂತ ನಾನೂ ನಂಬಿಬಿಟ್ಟಿದ್ದೆ.

ಆ ಕಸ್ಟಮರ್ ಮೊಂಟಾನಾದವರು. ವಯಸ್ಸಾದವರು, ಹ್ಯಾಂಡ್‌ಲೋಡಿಂಗ್‌ಗೆ ಹೊಸಬರು. ಅಲ್ಲಿ ಹುಲ್ಲುಗಾವಲಲ್ಲಿ ಪ್ರೇರಿ ಡಾಗ್ ಅಂತ ಒಂದು ಪ್ರಾಣಿ ಇದೆ. ಹೆಸರು ನಾಯಿಯದಾದರೂ ಅದು ಅಳಿಲಿನ ಜಾತಿ. ದನ ಮೇಯುವ ನೆಲದ ತುಂಬ ಬಿಲ ತೋಡುತ್ತದೆ. ಅಂಥ ಕಾಟ ಕೊಡುವ ಪ್ರಾಣಿಗಳನ್ನು ಅವರು ವಾರ್ಮಿಂಟ್ ಅನ್ನುತ್ತಾರೆ. ಹಾವೇರಿ ಕಡೆ ಗೋವಿನಜೋಳಕ್ಕೆ ಹಂದಿ ಬಿದ್ದರೆ ರೈತರಿಗೆ ಎಷ್ಟು ಸಿಟ್ಟು ಬರುತ್ತದೋ, ಅವರಿಗೂ ಅಷ್ಟೇ. ಪ್ರಾಣಿ ಚಿಕ್ಕದು, ದೂರ ಇನ್ನೂರು ಮುನ್ನೂರು ಗಜ. ಅದಕ್ಕೇ ಸಣ್ಣ ಕ್ಯಾಲಿಬರ್, ಅಂದರೆ ಸಪೂರ ನಳಿಗೆ, ಹಗುರ ಗುಂಡು, ಭಾರೀ ವೇಗ.

ಇವರ ರೈಫಲ್ ಅಂಗಡಿಯಿಂದ ತಂದದ್ದಲ್ಲ, ಗನ್‌ಸ್ಮಿತ್ ಹತ್ತಿರ ಹೇಳಿ ಮಾಡಿಸಿದ್ದು. 1963ರಲ್ಲಿ ಬಂದ .221 ಫೈರ್‌ಬಾಲ್ ಅನ್ನೋ ಕೇಸಿನ ಕುತ್ತಿಗೆಯನ್ನು ಕಿರಿದು ಮಾಡಿ .20 ಕ್ಯಾಲಿಬರ್ ಗುಂಡಿಗೆ ಹೊಂದಿಸಿದ್ದು. ಇಂಥ ರೈಫಲ್‌ಗೆ ಎಷ್ಟು ಮದ್ದು ಹಾಕಬೇಕು ಅಂತ ಪುಸ್ತಕದಲ್ಲಿರುವ ಅಂಕಿಯನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ. ಚೇಂಬರ್ ಅಂದರೆ ರೈಫಲ್ ಒಳಗೆ ತೋಟಾ ಕೂರುವ ಜಾಗ. ಪುಸ್ತಕದವರ ಚೇಂಬರ್ ಬೇರೆ, ಇವರ ಚೇಂಬರ್ ಬೇರೆ. ಕುತ್ತಿಗೆ ಬಿಗಿ ಇದ್ದರೆ ಒತ್ತಡ ಬೇಗ ಏರುತ್ತದೆ. ಗುಂಡನ್ನು ಎಷ್ಟು ಒಳಗೆ ಕೂರಿಸುತ್ತೀರಿ ಅನ್ನೋದರ ಮೇಲೂ ಬದಲಾಗುತ್ತದೆ. ಅದಕ್ಕೇ ಗರಿಷ್ಠ ಅಳತೆಗಿಂತ ನೂರಕ್ಕೆ ಹತ್ತರಷ್ಟು ಕೆಳಗಿನಿಂದ ಶುರು ಮಾಡಿ, ಚೂರು ಚೂರೇ ಏರಿಸುತ್ತ, ಪ್ರೈಮರ್ ಚಪ್ಪಟೆಯಾಗುತ್ತಾ, ಚೇಂಬರ್ ಮುಚ್ಚುವ ಬೋಲ್ಟ್ ಎತ್ತಲು ಬಿಗಿಯಾಗುತ್ತಾ ಅಂತ ಪ್ರತಿ ಸಲ ನೋಡಬೇಕು. ಇವರು ಹಾಗೇ ಮಾಡಿದ್ದರು. ಅದರ ಹಿಂದಿನ ವಾರ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಮೇಲಿನ ಅಂಚಿನ ಹತ್ತಿರ ಒಂದು ಅಳತೆ ಹಿಡಿದಿದ್ದರು. ಅದೇ ಅಳತೆಯಲ್ಲಿ ಆ ದಿನ ಬೆಳಿಗ್ಗೆ ಐವತ್ತು ತೋಟಾ ತುಂಬಿದ್ದರು. ಗಾಳಿ ಕಡಿಮೆ ಇದೆ, ಊಟ ಮುಗಿಸಿ ಹೊರಡುತ್ತೇನೆ ಅಂತಲೂ ಬರೆದಿದ್ದರು. ಅದನ್ನು ನಾನು ಓದಿದ್ದೆ. ಓದಿಯೂ ಮುಂದೆ ಹೋಗಿದ್ದೆ.

ಮದ್ದು ಹಾಕುವ ಪ್ಯಾನ್ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತಂದ ಮೇಲೆ ಪ್ಯಾನ್ ತೆಗೆದರೆ, ಪ್ಯಾನಿನ ತೂಕ ಮೈನಸ್‌ನಲ್ಲಿ ಕಾಣುತ್ತದೆ. ಅವರ ಪ್ಯಾನ್ 150.2 ಗ್ರೇನ್. ಬೆಳಿಗ್ಗೆ ಮೈನಸ್ 150.2 ಬಂದಿತ್ತು, ಸರಿ ಇತ್ತು. ಐವತ್ತೂ ಮುಗಿಸಿ ಪ್ಯಾನ್ ಎತ್ತಿದಾಗ ಮೈನಸ್ 150.9. ಸೊನ್ನೆ 0.7 ಗ್ರೇನ್ ಜಾರಿದೆ. ಗುಲಗಂಜಿಯ ಅರ್ಧಕ್ಕೂ ಕಡಿಮೆ.

ನಾನು ಡ್ರಿಫ್ಟ್ ಮ್ಯಾಕ್ರೋ ಹಾಕಿದೆ, ಅಂದರೆ ಸೊನ್ನೆ ಜಾರಿದರೆ ಕಳಿಸಲು ಮೊದಲೇ ಬರೆದಿಟ್ಟ ಉತ್ತರ. ತಕ್ಕಡಿಯನ್ನು ಅರ್ಧ ಗಂಟೆ ಆನ್ ಮಾಡಿಟ್ಟು ಮತ್ತೆ ಕ್ಯಾಲಿಬ್ರೇಟ್ ಮಾಡಿ, ಫ್ಯಾನ್ ಗಾಳಿ ತಾಗದಂತೆ ಇಡಿ, ಮೊಬೈಲ್ ದೂರ ಇಡಿ. ಅಷ್ಟಕ್ಕೇ ಬಿಟ್ಟಿದ್ದರೆ ತಪ್ಪು ಮ್ಯಾಕ್ರೋದ್ದು ಅನ್ನಬಹುದಿತ್ತು. ಆದರೆ ಅವರು ಗಾಬರಿಯಾಗಿದ್ದಾರೆ ಅನ್ನಿಸಿತು, ಸಿಸ್ಯಾಟ್, ಅಂದರೆ ಕಸ್ಟಮರ್ ಕೊಡುವ ಅಂಕ, ಚೆನ್ನಾಗಿ ಬರಲಿ ಅಂತಲೂ ಇತ್ತು. ಸ್ವಂತ ಕೈಯಿಂದ ಒಂದು ಸಾಲು ಸೇರಿಸಿದೆ: ಚಿಂತೆ ಬೇಡ ಸರ್, ಕಡಿಮೆ ಕಡೆಗೆ ಜಾರಿದೆ, ಅದು ಸೇಫ್ ಸೈಡ್. ಅವರು ಥ್ಯಾಂಕ್ಸ್ ಹೇಳಿದರು. ನಮ್ಮ ರಾತ್ರಿ 1.18ಕ್ಕೆ ಚಾಟ್ ಕ್ಲೋಸ್. ಒಂದು ಚಾಟ್ ಮುಗಿಸಲು ಹಿಡಿಯುವ ಸಮಯಕ್ಕೆ ನಾವು ಎಎಚ್‌ಟಿ ಅನ್ನುತ್ತೇವೆ. ಎಎಚ್‌ಟಿ ಆರು ನಿಮಿಷ.

ಕ್ಯೂ ಜಾಸ್ತಿ ಇತ್ತು, ಮತ್ತೆ ಮೂರು ಚಾಟ್ ತೆಗೆದುಕೊಂಡೆ. ಬ್ರೇಕ್‌ಗೆ ಹೋಗುವ ಮುಂಚೆ ಬಾಕಿ ನೋಟ್ಸ್ ಹಾಕಲು ಕೂತಾಗ 1.40. ಆ ಟಿಕೆಟ್ ತೆರೆದು, ತಕ್ಕಡಿ ಕಡಿಮೆ ತೋರಿಸುತ್ತಿದೆ ಅಂತ ಟೈಪ್ ಮಾಡಿದೆ. ಕೈ ಅಲ್ಲೇ ನಿಂತಿತು.

ಕಡಿಮೆ ತೋರಿಸುತ್ತಿದೆ. ಈ ಮಾತು ನಾನು ಎಲ್ಲಿ ಕೇಳಿದ್ದೇನೆ ಅಂತ ಗೊತ್ತಾಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ಕಾಕಾನ ಅಂಗಡಿಗೆ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಕಾಕಾ ದಿನಾ ಬೆಳಿಗ್ಗೆ ಹಿತ್ತಾಳೆಯ ತೂಕದ ಬಟ್ಟು ಇಟ್ಟು ನೋಡುತ್ತಿದ್ದರು. ಒಂದು ದಿನ ಇಪ್ಪತ್ತು ಮಿಲಿಗ್ರಾಂ ಕಡಿಮೆ ಬಂತು. ಇಷ್ಟೇ ಅಲ್ವಾ ಕಾಕಾ, ಕಡಿಮೆನೇ ತಾನೇ ಅಂದೆ. ಅವರು ತಲೆ ಎತ್ತಲಿಲ್ಲ. "ಕಮ್ಮಿ ತೋರಸಾಕತ್ತೈತಿ ಅಂದ್ರ ನಾ ಜಾಸ್ತಿ ಬಂಗಾರ ಕೊಡಾಕತ್ತೇನಿ ಅಂತ ಅರ್ಥ ನಮ್ಮವ್ವಾ" ಅಂದರು.

ತಕ್ಕಡಿ 0.7 ಕಡಿಮೆ ತೋರಿಸುತ್ತಿದ್ದರೆ, ಬೇಕಾದ ಅಂಕಿ ಬರುವ ತನಕ ಅವರು 0.7 ಜಾಸ್ತಿ ಮದ್ದು ಸುರಿದಿರುತ್ತಾರೆ. ಅವರದು ಪುಟ್ಟ ಕೇಸು, ಮದ್ದು ಇಪ್ಪತ್ತು ಗ್ರೇನ್‌ನ ಆಸುಪಾಸು. ಅದರಲ್ಲಿ 0.7 ಅಂದರೆ ನೂರಕ್ಕೆ ಮೂರೂವರೆ ಪಾಲು. ಅದೂ ಮೊದಲೇ ಮೇಲಿನ ಅಂಚಿನಲ್ಲಿದ್ದ ಅಳತೆಯ ಮೇಲೆ. ರೈಫಲ್ ಒಡೆದೇ ಹೋಗುತ್ತಿತ್ತು ಅಂತ ನಾನು ಹೇಳಲಾರೆ. ಪ್ರೈಮರ್ ಸಿಡಿದು ಬಿಸಿ ಗಾಳಿ ಹಿಂದಕ್ಕೆ ಬರಬಹುದಿತ್ತು, ಬೋಲ್ಟ್ ಕಚ್ಚಿಕೊಳ್ಳಬಹುದಿತ್ತು. ಏನೂ ಆಗದೆಯೂ ಇರಬಹುದಿತ್ತು. ಆದರೆ ಬೋಲ್ಟ್‌ನ ಹಿಂದೆ ಅವರ ಮುಖ ಇರುತ್ತದೆ. ನಾನು ಅದನ್ನು ಸೇಫ್ ಸೈಡ್ ಅಂದಿದ್ದೆ.

ಅಲ್ಲಿ ಆಗ ಮಧ್ಯಾಹ್ನ ಎರಡೂ ಹತ್ತು. ಊಟ ಮುಗಿದಿರುತ್ತದೆ.

ಮೊದಲು ಮೇಲ್ ಕಳಿಸಿದೆ. ಗಾಡಿಯಲ್ಲಿ ಹೊರಟವರು ಮೇಲ್ ಯಾಕೆ ನೋಡುತ್ತಾರೆ? ಫೋನ್ ಮಾಡಬೇಕು. ಚಾಟ್ ಏಜೆಂಟ್‌ಗಳಿಗೆ ಔಟ್‌ಬೌಂಡ್, ಅಂದರೆ ನಾವಾಗಿ ಫೋನ್ ಮಾಡುವುದು, ಇಲ್ಲ. ಟಿಎಲ್, ಅಂದರೆ ಟೀಮ್ ಲೀಡರ್, ಅಪ್ರೂವಲ್ ಬೇಕು. ಟಿಎಲ್ ಮೇಡಂ ಒಂದು ಮೀಟಿಂಗ್ ಕಾಲ್‌ನಲ್ಲಿದ್ದರು. ಗಾಜಿನ ಆಚೆಯಿಂದ ಕೈ ಬೀಸಿದೆ. ಹತ್ತು ನಿಮಿಷ ಅಂತ ಬೆರಳು ತೋರಿಸಿದರು. ಕಷ್ಟದ ಟಿಕೆಟ್ ನೋಡುವ ಎಲ್2 ಡೆಸ್ಕ್‌ಗೆ ಓಡಿದೆ. ಅಲ್ಲಿದ್ದವ ನನಗಿಂತ ಹಳಬ, ಒಳ್ಳೆಯ ಹುಡುಗ. ಸ್ಕ್ರೀನ್ ನೋಡಿ, "ಮೈನಸ್ ಐತಲ್ಲಕ್ಕಾ, ಕಮ್ಮಿನ ಆತಲ್ಲ, ಯಾಕ ಹೆದರ್ತಿ" ಅಂದ. ಇಪ್ಪತ್ತೆರಡು ನಿಮಿಷದ ಹಿಂದೆ ನಾನು ಅಂದದ್ದನ್ನೇ ಅವನೂ ಅಂದ. ಆಗ ನನಗೆ ನಿಜವಾಗಿ ಭಯ ಆಯಿತು.

ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ ಅನ್ನಿಸಿ ಅವನ ಸ್ಕೇಲ್ ಪಟ್ಟಿ ತೆಗೆದು ಗೋಡೆಗೆ ಹಿಡಿದೆ. ಸೊನ್ನೆಯಿಂದ ಇಪ್ಪತ್ತಕ್ಕೆ ಗೆರೆ ಎಳಿ ಅಂದೆ. ಆಮೇಲೆ ಆ ಗೆರೆಯ ಕೆಳತುದಿಯನ್ನು ಸೊನ್ನೆಗಿಂತ ಚೂರು ಕೆಳಗೆ ಒಯ್ದು, ಈಗ ಈ ಕೆಳಗಿನಿಂದ ಇಪ್ಪತ್ತರ ಗುರುತು ಮುಟ್ಟಬೇಕಾದರೆ ಎಷ್ಟು ತುಂಬಬೇಕು ಅಂತ ಕೇಳಿದೆ. ಒಂದು ಕ್ಷಣ ನೋಡಿದ. ಮಾತಾಡಲಿಲ್ಲ. ಹೆಡ್‌ಸೆಟ್ ಹಾಕಿಕೊಂಡು ಡಯಲ್ ಮಾಡಿದ. ಅಪ್ರೂವಲ್ ಕೇಳಲಿಲ್ಲ.

ಮೊಬೈಲ್ ವಾಯ್ಸ್‌ಮೇಲ್‌ಗೆ ಹೋಯಿತು. ಮತ್ತೆ ಮಾಡಿದ, ಮತ್ತೆ ವಾಯ್ಸ್‌ಮೇಲ್. ಆ ಹೊತ್ತಿನಲ್ಲಿ ಫ್ಲೋರಿನ ಎಸಿ ಶಬ್ದ, ಯಾರೋ ಕ್ಯಾಂಟೀನಿನಿಂದ ತಂದ ಮಿರ್ಚಿಯ ವಾಸನೆ, ಎಲ್ಲ ನನಗೆ ಸ್ಪಷ್ಟವಾಗಿ ನೆನಪಿದೆ. ನಾನು ಹಳೇ ಆರ್ಡರ್‌ಗಳನ್ನು ಒಂದೊಂದಾಗಿ ತೆರೆದೆ. ಪ್ರೆಸ್ ಕೊಂಡ ಆರ್ಡರ್‌ನಲ್ಲಿ ಬಿಲ್ಲಿಂಗ್ ನಂಬರ್ ಬೇರೆ ಇತ್ತು. ಮನೆಯ ಫೋನ್. ನಾಲ್ಕನೇ ರಿಂಗಿಗೆ ಅವರ ಹೆಂಡತಿ ಎತ್ತಿದರು. ಅಂಗಳದಲ್ಲಿ ಟ್ರಕ್ಕಿಗೆ ಸಾಮಾನು ಹಾಕುತ್ತಿದ್ದಾರೆ, ಕರೆಯಲಾ ಅಂದರು. ಕರೀರಿ ಅಂದ. ಅವರು ಬರುವ ತನಕ ಅವನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೆಡ್‌ಸೆಟ್ ನಾನೇ ತೆಗೆದುಕೊಂಡೆ. ತಪ್ಪು ಹೇಳಿದವಳು ನಾನು, ಸರಿ ಮಾಡುವವಳೂ ನಾನೇ ಆಗಬೇಕಿತ್ತು. ಸರ್, ಆ ಐವತ್ತನ್ನು ಹಾರಿಸಬೇಡಿ, ನಾನು ಉಲ್ಟಾ ಹೇಳಿದ್ದೆ, ಮದ್ದು ಜಾಸ್ತಿ ಬಿದ್ದಿದೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ತಾವೇ ಲೆಕ್ಕ ಹಾಕಿ, ಹೌದಲ್ಲ, ಜಾಸ್ತಿನೇ ಆಗುತ್ತದೆ ಅಂದರು. ತುಂಬಿದ ತೋಟಾಗಳನ್ನೇ ತೂಗಿ, ಭಾರದವನ್ನು ಬೇರೆ ಮಾಡಲಾ ಅಂತ ಕೇಳಿದರು. ಅದಕ್ಕೆ ಎಲ್2 ಹುಡುಗ ಪಕ್ಕದಿಂದ ತಲೆ ಅಲ್ಲಾಡಿಸಿದ. ಕೇಸಿನಿಂದ ಕೇಸಿಗೆ ಹಿತ್ತಾಳೆಯ ತೂಕವೇ 0.7 ಗ್ರೇನ್‌ಗಿಂತ ಜಾಸ್ತಿ ಹೆಚ್ಚುಕಮ್ಮಿ ಇರುತ್ತದೆ, ಹಾಗೆ ಕಂಡುಹಿಡಿಯಲು ಆಗುವುದಿಲ್ಲ. ಸುತ್ತಿಗೆಯಂಥ ಪುಲ್ಲರ್‌ನಲ್ಲಿ ಕುಟ್ಟಿ ಗುಂಡು ಬಿಡಿಸಿ, ಮದ್ದು ಹೊರಗೆ ಸುರಿಯುವುದೊಂದೇ ದಾರಿ. ಅವರ ಹತ್ತಿರ ಪುಲ್ಲರ್ ಇತ್ತು. ಕಿಟ್ ಜೊತೆ ಅದನ್ನು ನಾವೇ ಮಾರಿದ್ದೆವು.

ಎರಡು ದಿನ ಬಿಟ್ಟು ಅವರ ಮೇಲ್ ಬಂತು. ತಕ್ಕಡಿಯನ್ನು ಆನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ತೂಕದ ಬಟ್ಟು ಇಟ್ಟು ಸರಿಪಡಿಸಿ, ಐವತ್ತೂ ತೋಟಾದ ಮದ್ದನ್ನು ಒಂದೊಂದಾಗಿ ಮತ್ತೆ ತೂಗಿದ್ದರು. ತುಂಬಿದ ಕ್ರಮದಲ್ಲೇ ಟ್ರೇನಲ್ಲಿ ಇಟ್ಟಿದ್ದರಿಂದ ಲೆಕ್ಕ ಚೆಂದ ಸಿಕ್ಕಿತ್ತು. ಮೊದಲಿನವು ಸರಿ ಇದ್ದವು. ನಡುವಿನಿಂದ ನಿಧಾನ ಏರುತ್ತ ಹೋಗಿ, ಕೊನೆಯ ಸಾಲು ಪೂರ್ತಿ 0.6, 0.7 ಜಾಸ್ತಿ. ಚಳಿ ಹಿಡಿದ ಗ್ಯಾರೇಜಿನಲ್ಲಿ ತಕ್ಕಡಿ ಆನ್ ಮಾಡಿದ ಕೂಡಲೇ ಶುರು ಮಾಡಿದ್ದರು. ಬಿಸಿಲೇರಿದ ಹಾಗೆ ಸೊನ್ನೆ ಜಾರಿದೆ. ನಡುವೆ ಒಂದು ಸಲವೂ ಪ್ಯಾನ್ ಎತ್ತಿ ನೋಡಿರಲಿಲ್ಲ. ಈಗ ಹತ್ತು ತೋಟಾಕ್ಕೊಮ್ಮೆ ನೋಡುತ್ತಾರಂತೆ. ಸಿಟ್ಟಿನ ಒಂದು ಮಾತೂ ಇರಲಿಲ್ಲ.

ಆಫೀಸಿನಲ್ಲಿ ನಡೆದದ್ದು ಬೇರೆ. ಟಿಕೆಟ್ ರಿಓಪನ್ ಆದದ್ದಕ್ಕೆ ಕೆಲಸದ ಗುಣಮಟ್ಟ ನೋಡುವ ಕ್ಯೂಎದವರು ನನ್ನ ಅಂಕ ಕಡಿದರು, ಅದು ಸರಿ. ಅಪ್ರೂವಲ್ ಇಲ್ಲದ ಔಟ್‌ಬೌಂಡ್ ಅಂತ ಆ ಹುಡುಗನಿಗೂ ಮಾರ್ಕ್‌ಡೌನ್ ಹಾಕಿದರು. ಅದು ಸರಿಯಲ್ಲ, ಸರಿಯಲ್ಲ ಅಂತ ಮೀಟಿಂಗ್‌ನಲ್ಲೂ ಹೇಳಿದೆ. ಆರು ನಿಮಿಷದಲ್ಲಿ ಚಾಟ್ ಮುಗಿಸಿದ್ದಕ್ಕೆ ಆ ವಾರದ ಎಎಚ್‌ಟಿ ಪಟ್ಟಿಯಲ್ಲಿ ನನ್ನ ಹೆಸರು ಮೇಲಿತ್ತು. ಮದ್ದು ತೂಗುವ ತಕ್ಕಡಿಯ ಚಾಟ್‌ಗೂ ಡೆಲಿವರಿ ತಡವಾದ ಚಾಟ್‌ಗೂ ಒಂದೇ ಎಎಚ್‌ಟಿ ಇಟ್ಟರೆ ಇನ್ನೇನಾಗುತ್ತದೆ?

ಡ್ರಿಫ್ಟ್ ಮ್ಯಾಕ್ರೋದಲ್ಲಿ ಎರಡು ಸಾಲು ಸೇರಿಸಿ ಅಂತ ಮೂರು ಸಲ ಬರೆದು ಕೊಟ್ಟಿದ್ದೇನೆ. ಸೊನ್ನೆ ಯಾವ ಕಡೆ ಜಾರಿದೆ? ಕೊನೆಯ ಸಲ ಸರಿ ಇದ್ದದ್ದು ನೋಡಿದ ಮೇಲೆ ಎಷ್ಟು ತೋಟಾ ತುಂಬಿದ್ದೀರಿ? ಕ್ಲೈಂಟ್ ಹತ್ತಿರ ರಿವ್ಯೂನಲ್ಲಿದೆ ಅನ್ನುತ್ತಾರೆ. ಅಲ್ಲಿಯವರೆಗೆ ಕೈಯಿಂದಲೇ ಟೈಪ್ ಮಾಡುತ್ತಿದ್ದೇನೆ. ನನ್ನ ಎಎಚ್‌ಟಿ ಈಗ ಒಂಬತ್ತು ನಿಮಿಷ.