ಸಭೆಯಲ್ಲಿ ಏನು ಹೇಳಬೇಕೆಂದು ಕೇಳುವವರಿಗೆ

ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ತಾಲ್ಲೂಕು ಕೆ.ಡಿ.ಪಿ. (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯ ಹಿಂದಿನ ದಿನ ಯಾರಾದರೊಬ್ಬ ಕಿರಿಯ ಎಂಜಿನಿಯರ್ ಕರೆ ಮಾಡಿ, "ಸರ್, ನಾಳೆ ಬಚಾವಾಗೋಕೆ ನಾಲ್ಕು ಮಾತು ಹೇಳಿಕೊಡಿ" ಎನ್ನುತ್ತಾರೆ. ನಿವೃತ್ತಿಯ ನಂತರವೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬರೆದೇ ಕೊಡುತ್ತಿದ್ದೇನೆ, ಇನ್ನು ಕರೆ ಮಾಡಬೇಡಿ.

ಕೆಲಸ ಆರಂಭವಾಗದಿದ್ದರೆ "ಅಂದಾಜು ಪಟ್ಟಿ ತಯಾರಿಕೆಯ ಹಂತದಲ್ಲಿದೆ" ಎನ್ನಿ. ಆರಂಭವಾಗಿ ನಿಂತಿದ್ದರೆ "ಪ್ರಗತಿಯಲ್ಲಿದೆ" ಎನ್ನಿ. ಬೇರೆ ಇಲಾಖೆಗೆ "ಪತ್ರ ಬರೆಯಲಾಗಿದೆ" ಎನ್ನುವ ಮುನ್ನ ಆ ಇಲಾಖೆಯ ಅಧಿಕಾರಿ ಗೈರಾಗಿದ್ದಾರೆಯೇ ಎಂದು ನೋಡಿಕೊಳ್ಳಿ. "ನೀತಿ ಸಂಹಿತೆ ಜಾರಿಯಲ್ಲಿದ್ದ ಕಾರಣ" ಎಂಬುದು ಚುನಾವಣೆ ಮುಗಿದ ಒಂದು ತ್ರೈಮಾಸಿಕಕ್ಕೆ ಮಾತ್ರ ಸಲ್ಲುತ್ತದೆ. ಎರಡನೆಯದರಲ್ಲೂ ಅದನ್ನೇ ಹೇಳಿದ ನನ್ನ ಸಹೋದ್ಯೋಗಿಯೊಬ್ಬರು ಅಧ್ಯಕ್ಷತೆ ವಹಿಸಿದ್ದ ಶಾಸಕರ ಮುಂದೆ ಊಟದ ಹೊತ್ತಿನವರೆಗೂ ನಿಂತೇ ಇರಬೇಕಾಯಿತು.

ಎಲ್ಲಕ್ಕೂ ಮಿಗಿಲಾದದ್ದು "ಕ್ರಮ ವಹಿಸಲಾಗುವುದು". ಮನೆಯಲ್ಲಿ ಯಾರೂ "ಹಾಲು ತರಲಾಗುವುದು" ಎನ್ನುವುದಿಲ್ಲ. 1963ರ ರಾಜಭಾಷಾ ಅಧಿನಿಯಮ ಕನ್ನಡವನ್ನು ಕಚೇರಿಯೊಳಕ್ಕೆ ಕರೆತಂದಿತೇನೋ ನಿಜ, ಆದರೆ ಒಳಗೆ ಬಂದ ಕನ್ನಡ ಕರ್ತೃಪದವನ್ನು ಬಾಗಿಲಲ್ಲೇ ಕಳಚಿಟ್ಟು ಬಂದಿತು. ಶಾಲೆಯೊಂದರ ಕೊಳವೆಬಾವಿಯ ಮೋಟಾರು ಸುಟ್ಟಿದ್ದರ ಬಗ್ಗೆ ನಾನು ಈ ಮಾತನ್ನು ಹೇಳಿದಾಗ, ನಾಮನಿರ್ದೇಶಿತ ಸದಸ್ಯೆಯೊಬ್ಬರು, "ಈ ಲಾಗುವುದು ಅನ್ನೋರು ಯಾರು ಸ್ವಾಮಿ? ಅವರ ನಂಬರ್ ಕೊಡಿ, ನಾನೇ ಮಾತಾಡ್ತೀನಿ" ಎಂದರು. ಸಭೆ ನಕ್ಕಿತು, ನಾನೂ ನಕ್ಕೆ. ಹಿಂದಿನ ಸಭೆಗಳ ಸೂಚನೆಗಳಿಗೆ ಏನು ಮಾಡಿದೆವೆಂದು ತಿಳಿಸುವ, ಕೈಯಲ್ಲಿದ್ದ ಅನುಪಾಲನಾ ವರದಿಯನ್ನು ತಿರುವಿದರೆ ಹಿಂದಿನ ಎರಡು ಸಭೆಗಳಿಗೂ ಅದೇ ವಾಕ್ಯ, ಕೆಳಗೆ ನನ್ನದೇ ಸಹಿ.

ಬಚಾವಾಗುವುದನ್ನು ಕೇಳುವವರು, ಆ ಅನುಪಾಲನಾ ವರದಿಯನ್ನು ಹೇಗೆ ಬರೆಯಬೇಕೆಂದು ಒಮ್ಮೆಯಾದರೂ ಕೇಳಬಾರದೇ? ಅದಕ್ಕೆ ನನ್ನಲ್ಲಿ ಉತ್ತರವಿದೆ: ಯಾರು, ಯಾವ ತಾರೀಖಿನೊಳಗೆ ಎಂಬೆರಡನ್ನು ಬರೆಯಿರಿ, "ಶೀಘ್ರದಲ್ಲಿ" ಎಂಬುದನ್ನು ಹೊಡೆದುಹಾಕಿ. ಆ ಸಭೆಯಿಂದ ಮರಳಿದವನೇ ನಾನು, "ಮೋಟಾರನ್ನು ಇದೇ 15ರೊಳಗೆ ನಾನು ದುರಸ್ತಿ ಮಾಡಿಸುತ್ತೇನೆ" ಎಂದು ಬರೆದುಕೊಟ್ಟೆ. ನಮ್ಮ ಪ್ರಥಮ ದರ್ಜೆ ಸಹಾಯಕರು ಬೆರಳಚ್ಚು ಮಾಡಿ ತಂದ ಪ್ರತಿಯಲ್ಲಿ "ದುರಸ್ತಿ ಮಾಡಿಸಲಾಗುವುದು" ಎಂದಿತ್ತು.

"ನಾನು ಅಂತ ಬರೆಯೋ ಪದ್ಧತಿ ಇಲ್ಲ ಸರ್" ಎಂದರು. ತಿದ್ದಿ ಕಳುಹಿಸಿದೆ. ಎರಡನೆಯ ಪ್ರತಿಯಲ್ಲೂ ಅದೇ ಬಂದಿತು. ಮೂರನೆಯ ಸಲ ತಿದ್ದುವಷ್ಟರಲ್ಲಿ ಮೋಟಾರು ದುರಸ್ತಿಯಾಗಿ ಶಾಲೆಗೆ ನೀರು ಬರುತ್ತಿತ್ತು. "ಮಾಡಿಸಲಾಗಿದೆ" ಎಂಬುದಕ್ಕೆ ನಾನು ತಕರಾರಿಲ್ಲದೆ ಸಹಿ ಹಾಕಿದೆ.